ಹುಡುಗನನ್ನು ಯಾರೂ ಕೇಳಲಿಲ್ಲ

ಅಮೆರಿಕದ ನಾಟಕಕಾರ ಜಾನ್ ಪ್ಯಾಟ್ರಿಕ್ ಶಾನ್ಲಿಯ 'ಡೌಟ್' ನಾಟಕ ರಂಗಕ್ಕೆ ಬಂದದ್ದು 2004ರಲ್ಲಿ. ಮರುವರ್ಷ ಅದಕ್ಕೆ ಪುಲಿಟ್ಜರ್ ಬಹುಮಾನ ಬಂತು. 2008ರಲ್ಲಿ ಅವನೇ ಅದನ್ನು ಸಿನಿಮಾ ಮಾಡಿದ. ಕ್ಯಾಥೊಲಿಕ್ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಚರ್ಚೆಯಲ್ಲಿ ಈ ನಾಟಕದ ಹೆಸರು ಮತ್ತೆ ಮತ್ತೆ ಬರುತ್ತದೆ. ಆರೋಪ ನಿಜವೋ ಸುಳ್ಳೋ ಅಂತ ತೀರ್ಮಾನಿಸದೆ ಬಿಟ್ಟದ್ದೇ ಇದರ ದೊಡ್ಡಸ್ತಿಕೆ ಅಂತ ಹೊಗಳುವವರಿದ್ದಾರೆ. ನನ್ನ ತಕರಾರು ಅಲ್ಲೇ.

ಕತೆ ಹೀಗಿದೆ. 1964ನೇ ಇಸವಿ, ನ್ಯೂಯಾರ್ಕಿನ ಬ್ರಾಂಕ್ಸ್. ಚರ್ಚಿನ ಶಾಲೆಗೆ ಮೊಟ್ಟಮೊದಲ ಕಪ್ಪು ಹುಡುಗ ಸೇರಿದ್ದಾನೆ. ಹೆಸರು ಡೊನಾಲ್ಡ್. ಬಿಳಿಯರ ಮಕ್ಕಳ ನಡುವೆ ಒಬ್ಬನೇ. ಫಾದರ್ ಫ್ಲಿನ್ ಎಂಬ ಪಾದ್ರಿ ಅವನನ್ನು ಹತ್ತಿರ ಮಾಡಿಕೊಂಡಿದ್ದಾನೆ. ಒಂದು ದಿನ ಹುಡುಗ ಪಾದ್ರಿಯ ಮನೆಯಿಂದ ಕ್ಲಾಸಿಗೆ ವಾಪಸು ಬಂದಾಗ ಬಾಯಲ್ಲಿ ಮದ್ಯದ ವಾಸನೆ, ಮುಖದಲ್ಲಿ ಗಾಬರಿ. ಎಳೆಯ ಟೀಚರು ಸಿಸ್ಟರ್ ಜೇಮ್ಸ್ ಇದನ್ನು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅಲೋಶಿಯಸ್‌ಗೆ ತಿಳಿಸುತ್ತಾಳೆ. ಹುಡುಗ ಪೂಜೆಯ ವೈನು ಕದ್ದು ಕುಡಿದಿದ್ದ, ಅವನ ಮಾನ ಉಳಿಸೋಕೆ ಸುಮ್ಮನಿದ್ದೆ ಅಂತಾನೆ ಪಾದ್ರಿ. ಅಲೋಶಿಯಸ್ ನಂಬುವುದಿಲ್ಲ. ನಿನ್ನ ಹಿಂದಿನ ಚರ್ಚಿನ ಸಿಸ್ಟರಿಗೆ ಫೋನು ಮಾಡಿ ಎಲ್ಲ ತಿಳಕೊಂಡಿದ್ದೀನಿ ಅಂತ ಸುಳ್ಳು ಹೇಳಿ ಅವನನ್ನು ಹೊರಡಿಸುತ್ತಾಳೆ. ಬಿಷಪ್ ಅವನಿಗೆ ಬೇರೊಂದು ಚರ್ಚಿನ ಯಜಮಾನಿಕೆಯನ್ನೇ ಕೊಟ್ಟುಬಿಡುತ್ತಾನೆ. ಕೊನೆಗೆ ಅಲೋಶಿಯಸ್ ತನಗೂ ಸಂಶಯ ಅಂತ ಅಳುತ್ತಾಳೆ. ಪರದೆ ಬೀಳುತ್ತದೆ.

ನಾಟಕದಲ್ಲಿ ಇರುವುದು ನಾಲ್ಕೇ ಪಾತ್ರ: ಪಾದ್ರಿ, ಇಬ್ಬರು ಸಿಸ್ಟರುಗಳು, ಹುಡುಗನ ತಾಯಿ. ಹುಡುಗ ರಂಗದ ಮೇಲೆ ಬರುವುದೇ ಇಲ್ಲ. ಸಿನಿಮಾದಲ್ಲಿ ಮುಖ ಕಾಣುತ್ತದೆ, ಆದರೆ ಅಂದು ಏನಾಯ್ತಪ್ಪ ಅಂತ ಕೂರಿಸಿಕೊಂಡು ಕೇಳುವ ದೃಶ್ಯ ಅಲ್ಲೂ ಇಲ್ಲ. ಆರೋಪ ಹೊತ್ತ ಪಾದ್ರಿಗಾದರೋ ಪ್ರವಚನದ ಪೀಠವಿದೆ. ಚಾಡಿಮಾತು ಗಾಳಿಗೆ ತೂರಿದ ಹಕ್ಕಿಗರಿಯ ಹಾಗೆ, ಮತ್ತೆ ಆಯ್ದುಕೊಳ್ಳೋಕಾಗಲ್ಲ ಅಂತ ಅವನು ಇಡೀ ಊರಿಗೆ ಬೋಧಿಸಬಲ್ಲ. ಡೊನಾಲ್ಡನಿಗೆ ಯಾವ ಪೀಠವಿದೆ?

ತಾಯಿಯದು ಒಂದೇ ದೃಶ್ಯ. ಸಿನಿಮಾದಲ್ಲಿ ವಯೋಲಾ ಡೇವಿಸ್ ಮಾಡಿದ ಆ ಪಾತ್ರ ಇಡೀ ಚಿತ್ರವನ್ನೇ ಅಲುಗಾಡಿಸುತ್ತದೆ. ಕೆಲಸಕ್ಕೆ ಹೊತ್ತಾಯಿತು ಅಂತ ಅವಸರದಲ್ಲಿರುವ ಆ ಹೆಂಗಸು, ಜೂನ್ ತಿಂಗಳವರೆಗೆ ತಡಕೊಳ್ಳಿ, ಅವನು ಇಲ್ಲಿ ಪಾಸಾದರೆ ಒಳ್ಳೆ ಹೈಸ್ಕೂಲು ಸಿಗುತ್ತದೆ ಅನ್ನುತ್ತಾಳೆ. ಮನೆಯಲ್ಲಿ ಅಪ್ಪ ಹೊಡೆಯುತ್ತಾನೆ. ಮಗನನ್ನು ವಿಶ್ವಾಸದಿಂದ ಕಾಣುವವನು ಈ ಪಾದ್ರಿ ಒಬ್ಬನೇ ಅನ್ನುತ್ತಾಳೆ. ಇವಳೆಂಥ ತಾಯಿ ಅಂತ ಮಧ್ಯಮವರ್ಗದ ಪ್ರೇಕ್ಷಕ ಬೆಚ್ಚಿಬೀಳಬಹುದು. ಹಾಸ್ಟೆಲಿನಲ್ಲಿ ಏನೇ ಆಗಲಿ ಎಸ್ಸೆಸ್ಸೆಲ್ಸಿ ಮುಗಿಯೋಗಂಟ ಹಲ್ಲುಕಚ್ಚಿ ಇರು ಮಗಾ ಅಂದ ನಮ್ಮ ಅವ್ವಂದಿರಿಗೆ ಆ ಲೆಕ್ಕ ಅರ್ಥವಾಗುತ್ತದೆ. ಶಾನ್ಲಿಯ ಗೆಲುವು ಈ ದೃಶ್ಯ. ಆದರೆ ತಾಯಿ ಎದ್ದುಹೋದ ಮೇಲೆ ನಾಟಕ ಮತ್ತೆ ಬಿಳಿಯರ ಆತ್ಮಸಾಕ್ಷಿಯ ಕಡೆಗೇ ತಿರುಗಿಬಿಡುತ್ತದೆ.

ಸಂಶಯ ಆಕಾಶದಿಂದ ಉದುರಲಿಲ್ಲ. ವಿಚಾರಣೆಯೇ ಇಲ್ಲದ ಒಂದು ವ್ಯವಸ್ಥೆ ಅದನ್ನು ಹುಟ್ಟಿಸಿತು. ಆ ವ್ಯವಸ್ಥೆಗೆ ಗೊತ್ತಿದ್ದದ್ದು ಒಂದೇ ಮದ್ದು: ವರ್ಗಾವಣೆ. 2002ರಲ್ಲಿ 'ಬೋಸ್ಟನ್ ಗ್ಲೋಬ್' ಪತ್ರಿಕೆ ಬಯಲಿಗೆಳೆದದ್ದು ಇದನ್ನೇ. ಜಾನ್ ಗೇಗನ್ ಎಂಬ ಪಾದ್ರಿಯನ್ನು ಸುಮಾರು 30 ವರ್ಷ ಚರ್ಚಿನಿಂದ ಚರ್ಚಿಗೆ ಸಾಗಹಾಕಿದ್ದರು. ಅವನ ಮೇಲೆ ದೂರಿದವರು 130ಕ್ಕೂ ಹೆಚ್ಚು ಜನ. 1950ರಿಂದ 2002ರವರೆಗೆ ಅಮೆರಿಕದಲ್ಲಿ 4,392 ಪಾದ್ರಿಗಳ ಮೇಲೆ 10,667 ಜನರ ಆರೋಪಗಳಿದ್ದವು ಅಂತ ಬಿಷಪ್ಪರೇ ಮಾಡಿಸಿದ 2004ರ ಜಾನ್ ಜೇ ಕಾಲೇಜಿನ ವರದಿ ಹೇಳಿತು. ಮುಚ್ಚಿಟ್ಟ ಕಾಗದಗಳಿಂದ ಮಕ್ಕಳು ಹಾಳಾದರು. ಆ ಸಾವಿರಾರು ಹೆಸರುಗಳ ನಡುವೆ ತಪ್ಪು ಮಾಡದವನೊಬ್ಬ ಇದ್ದಿದ್ದರೆ ಅವನಿಗೂ ತನ್ನನ್ನು ತೊಳೆದುಕೊಳ್ಳೋಕೆ ದಾರಿ ಇರಲಿಲ್ಲ.

ಹಾಗಾದರೆ ಸುಳ್ಳು ಆರೋಪ ಇಲ್ಲವೇ ಇಲ್ಲವೇ? ಇದೆ. ಈ ಮಾತನ್ನು ನಾವು ಹೆದರದೆ ಒಪ್ಪಬೇಕು ಗೆಳೆಯರೆ. ಕ್ಲಾಸಿನಲ್ಲಿ ಯಾರದೋ ದುಡ್ಡು ಕಳೆದರೆ ಮೊದಲು ಸುರಿಯುವುದು ಕೇರಿ ಹುಡುಗರ ಚೀಲ. ಆರೋಪವೇ ತೀರ್ಪು ಅನ್ನೋದಾದರೆ ಅದರ ಏಟು ಮೊದಲು ಬೀಳುವುದು ನಮ್ಮ ಬೆನ್ನಿಗೇ.

1993ರ ನವೆಂಬರಿನಲ್ಲಿ ಷಿಕಾಗೋದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ ಮೇಲೆ ಒಬ್ಬ ಮೊಕದ್ದಮೆ ಹಾಕಿದ: ಹುಡುಗನಾಗಿದ್ದಾಗ ಇವರು ನನ್ನ ಮೇಲೆ ಕೈಮಾಡಿದ್ದರು, ಸಮ್ಮೋಹನ ಚಿಕಿತ್ಸೆಯಲ್ಲಿ ನೆನಪಾಯಿತು ಅಂತ. ಇಂಥ ದೂರುಗಳಿಗಾಗಿ ಪಾದ್ರಿಗಳಲ್ಲದವರೇ ಹೆಚ್ಚಿದ್ದ ಒಂದು ಮಂಡಲಿಯನ್ನು 1992ರಲ್ಲಿ ಬರ್ನಾರ್ಡಿನ್ನರೇ ಕಟ್ಟಿದ್ದರು. ತಮ್ಮ ಮೇಲಿನ ದೂರನ್ನೂ ಅದರ ಮುಂದಿಟ್ಟರು, ಪತ್ರಕರ್ತರ ಪ್ರಶ್ನೆಗಳಿಗೆ ಎದುರಾಗಿ ನಿಂತು ಉತ್ತರಿಸಿದರು. 1994ರ ಫೆಬ್ರವರಿಯಲ್ಲಿ, ಈ ನೆನಪುಗಳನ್ನು ನಂಬೋಕಾಗಲ್ಲ ಅಂತ ದೂರಿದವನೇ ಮೊಕದ್ದಮೆ ವಾಪಸು ತಗೊಂಡ. ಬರ್ನಾರ್ಡಿನ್ ಸೇಡಿಗೆ ಇಳಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಕಾಯಿಲೆಯಿಂದ ಸಾಯುತ್ತಿದ್ದ ಅವನನ್ನು ಕಂಡು ಮಾತಾಡಿದರು. ಅವರನ್ನು ಉಳಿಸಿದ್ದು ತೆರೆದ ಬಾಗಿಲು. ಸುಳ್ಳು ಆರೋಪ ಅಂತ ಕೂಗುವ ಪ್ರತಿ ಬಿಷಪ್ಪನೂ, ಪ್ರತಿ ಮಠಾಧೀಶನೂ ಇದನ್ನು ಕಲಿಯಬೇಕು.

ಇನ್ನೊಂದು ಮಾತು. ಖುಲಾಸೆಯಾದ ಕೂಡಲೇ ದೂರಿದವನನ್ನು ಸುಳ್ಳುಗಾರ ಅನ್ನುವುದು ಈಗ ಚಾಳಿಯಾಗಿದೆ. ಆಸ್ಟ್ರೇಲಿಯಾದ ಕಾರ್ಡಿನಲ್ ಜಾರ್ಜ್ ಪೆಲ್‌ರನ್ನು 2018ರ ಡಿಸೆಂಬರಿನಲ್ಲಿ ಜ್ಯೂರಿ ಅಪರಾಧಿ ಅಂದಿತು. ಅವರು 400ಕ್ಕೂ ಹೆಚ್ಚು ದಿನ ಜೈಲಿನಲ್ಲಿದ್ದರು. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯದ 7 ನ್ಯಾಯಾಧೀಶರೂ ಒಮ್ಮತದಿಂದ ಆ ತೀರ್ಪನ್ನು ಅಳಿಸಿದರು. ಜ್ಯೂರಿಗೆ ಸಂಶಯ ಬರಬೇಕಿತ್ತು ಅಂದರೇ ಹೊರತು ದೂರಿದವನು ಸುಳ್ಳು ಹೇಳಿದ ಅಂತ ಅವರು ಹೇಳಲಿಲ್ಲ. ಪೆಲ್ ಹೊರಬಂದದ್ದು ನ್ಯಾಯ. ಸಂಶಯದ ಲಾಭ ಆರೋಪಿಗೆ ಸಿಗಲೇಬೇಕು. ಆದರೆ ಅದೇ ತೀರ್ಪನ್ನು ಹಿಡಕೊಂಡು ದೂರಿದವನನ್ನು ಕಲ್ಲುಹೊಡೆಯುವುದು ಅನ್ಯಾಯ. ನಮಗೆ ಈ ವ್ಯತ್ಯಾಸ ಬೂದಿಯಲ್ಲಿ ಬರೆದು ಕಲಿಸಿದ್ದಾರೆ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ 7 ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. ಹಾಗಂತ ಬೆಂಕಿ ಸುಳ್ಳೇ?

'ಡೌಟ್' ನಮ್ಮನ್ನು ಸಂಶಯದಲ್ಲಿ ಬಿಟ್ಟು ಅದನ್ನೇ ದೊಡ್ಡ ಅನುಭವ ಅನ್ನುತ್ತದೆ. ಕೇಳೋಕೆ ಮನಸ್ಸಿಲ್ಲದವರಿಗೆ ಸಂಶಯ ಹಾಯಾದ ಹಾಸಿಗೆ. ಪಾದ್ರಿಗೆ ನ್ಯಾಯ ಬೇಕಾದರೂ ಹುಡುಗನಿಗೆ ನ್ಯಾಯ ಬೇಕಾದರೂ ಮೊದಲ ಮೆಟ್ಟಿಲು ಒಂದೇ: ಹುಡುಗನ ಮಾತು ಕೇಳುವುದು, ಆಮೇಲೆ ಚರ್ಚಿನ ಕೈಯೊಳಗಿಲ್ಲದ ಜನ ಇಬ್ಬರನ್ನೂ ವಿಚಾರಿಸುವುದು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. 2012ರ ಪೋಕ್ಸೊ ಕಾಯ್ದೆ ಪ್ರಕಾರ ಇಂಥದ್ದು ಕಿವಿಗೆ ಬಿದ್ದರೆ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ದ್ವೇಷಕ್ಕೆ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಅದೇ ಕಾಯ್ದೆಯಲ್ಲಿ ಶಿಕ್ಷೆಯಿದೆ, ಮಗುವಿಗೆ ಇಲ್ಲ. ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ, ಮುಚ್ಚಿಡುವುದೂ ಅಲ್ಲ. ಹಿಂದಿನ ಬೆಂಚಿನಲ್ಲಿ ಒಂದು ಮಗು ಇದ್ದಕ್ಕಿದ್ದ ಹಾಗೆ ಮಂಕಾಗಿ ಕೂತಿದ್ದರೆ ಹತ್ತಿರ ಹೋಗಿ ಏನಾಯ್ತು ಕಂದಾ ಅಂತ ಕೇಳಿ. ಡೊನಾಲ್ಡನನ್ನು ಯಾರೂ ಕೇಳಲಿಲ್ಲ.