ಅರವತ್ತೊಂದು ಎಂಬ ಅಂಕಿ

ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಆಯುಷ್ಯ ಹೆಚ್ಚಿದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಅಂಕಿಯನ್ನು ಮುಂದಿಡುತ್ತಾರೆ: ಅಮೆರಿಕದಲ್ಲಿ 2019ರಿಂದ 2023ರ ನಡುವೆ ಈ ರೋಗದೊಂದಿಗೆ ಹುಟ್ಟಿದವರ ಅಂದಾಜು ಮಧ್ಯಾಂಕ ಆಯುಷ್ಯ 61 ವರ್ಷ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ ತಲೆದೋರಿ, ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟಿಸಿ, ಜೀರ್ಣರಸ ಒದಗಿಸುವ ಮೇದೋಜೀರಕ ಗ್ರಂಥಿಯ ನಾಳಗಳನ್ನು ಮುಚ್ಚಿಬಿಡುವ ಈ ಕಾಯಿಲೆಯನ್ನು 1938ರಲ್ಲಿ ಡೊರೊತಿ ಆಂಡರ್ಸನ್ ವಿವರಿಸಿದ ಕಾಲಕ್ಕೆ ರೋಗಪೀಡಿತ ಮಕ್ಕಳು ಶಾಲೆಯ ವಯಸ್ಸು ಮುಟ್ಟುವುದೇ ಅಪರೂಪವಾಗಿದ್ದುದರಿಂದ, ಈ ಏರಿಕೆ ದೊಡ್ಡದೆಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಅಂಕಿಗೆ ಸಿಕ್ಕ ಕೀರ್ತಿಯ ಬಗ್ಗೆ.

ಮಧ್ಯಾಂಕ ಆಯುಷ್ಯವೆಂದರೆ ಒಂದು ಗುಂಪಿನ ಅರ್ಧದಷ್ಟು ಜನ ದಾಟಬಹುದಾದ ವಯಸ್ಸು. 61 ಎಂಬುದು ಯಾರೋ ಬಾಳಿ ತೋರಿಸಿದ ವಯಸ್ಸಲ್ಲ; ಆ ಐದು ವರ್ಷಗಳಲ್ಲಿ ಪ್ರತಿ ವಯೋಮಾನದಲ್ಲೂ ಕಂಡ ಸಾವಿನ ಪ್ರಮಾಣ ಈಗ ಹುಟ್ಟಿದ ಕೂಸಿನ ಜೀವಮಾನವಿಡೀ ಹಾಗೆಯೇ ಮುಂದುವರಿಯುತ್ತದೆಂದು ಹಿಡಿದು ಮಾಡಿದ ಲೆಕ್ಕ. ಇದಕ್ಕಿಂತ ತೊಡಕಿನ ಸಂಗತಿಯೆಂದರೆ ಈ ಲೆಕ್ಕ ರೋಗಿಗಳ ದಾಖಲೆಯಲ್ಲಿ ಹೆಸರಿರುವವರನ್ನು ಮಾತ್ರ ಬಲ್ಲದು, ಆ ದಾಖಲೆಗೆ ಸೇರಬೇಕಾದರೆ ಮೊದಲು ರೋಗ ಪತ್ತೆಯಾಗಿರಬೇಕು. ರೋಗದ ಹೆಸರೇ ತಿಳಿಯದೆ ತೀರಿಕೊಂಡ ಮಗು ಲೆಕ್ಕದ ಅಂಶದಲ್ಲೂ ಇಲ್ಲ, ಛೇದದಲ್ಲೂ ಇಲ್ಲ. ನವಜಾತ ಶಿಶುಗಳನ್ನೆಲ್ಲ ಪರೀಕ್ಷಿಸುವ ಅಮೆರಿಕದಲ್ಲಿ ಇದು ಸಣ್ಣ ದೋಷ. ಅಂಥ ರಾಷ್ಟ್ರವ್ಯಾಪಿ ವ್ಯವಸ್ಥೆಯೇ ಇಲ್ಲದ ಭಾರತದಲ್ಲಿ ಇದೇ ಮುಖ್ಯ ಸಂಗತಿ.

ಕೀರ್ತಿಯ ಸಿಂಹಪಾಲು 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಮೂರು ಔಷಧಗಳನ್ನು ಕೂಡಿಸಿದ ಟ್ರಿಕಾಫ್ಟಾ ಮಾತ್ರೆಗೆ ಹೋಗಿದೆ. ಮಾತ್ರೆಯ ಗುಣ ನಿಜ. ಆದರೆ ಅದಕ್ಕೆ ಮೂರು ದಶಕ ಮೊದಲೇ, 1988ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ, ಬಾಸ್ಟನ್ನಿನ ರೋಗಿಗಳ ಮಧ್ಯಾಂಕ ಆಯುಷ್ಯ 21 ಇದ್ದರೆ ಟೊರಾಂಟೊದವರದು 30 ಇತ್ತು. ಶ್ವಾಸಕೋಶದ ಸಾಮರ್ಥ್ಯ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿದ್ದು, ಎದ್ದುಕಂಡ ವ್ಯತ್ಯಾಸವೆಂದರೆ ಟೊರಾಂಟೊದ ವೈದ್ಯರು ಜೀರ್ಣಕ್ಕೆ ನೆರವಾಗುವ ಕಿಣ್ವದ ಜೊತೆ ಕೊಬ್ಬಿನ ಊಟವನ್ನು ಧಾರಾಳವಾಗಿ ಕೊಡಿಸುತ್ತಿದ್ದುದು. ಒಂಬತ್ತು ವರ್ಷದ ಈ ಅಂತರದ ಹಿಂದೆ ಹೊಸ ಔಷಧವೇನೂ ಇರಲಿಲ್ಲ.

ಇನ್ನೊಂದು ಬಗೆಯ ವ್ಯಾಖ್ಯಾನಕಾರರು ಮಾತ್ರೆಯ ಬದಲು ವೈದ್ಯನನ್ನು ನಾಯಕನನ್ನಾಗಿಸುತ್ತಾರೆ. ಅತುಲ್ ಗವಾಂಡೆ 2004ರಲ್ಲಿ ‘ದಿ ನ್ಯೂಯಾರ್ಕರ್’ನಲ್ಲಿ ಬರೆದ ಪ್ರಬಂಧ, ಮಿನಿಯಾಪೊಲಿಸ್ಸಿನ ವಾರನ್ ವಾರ್ವಿಕ್ ಅವರ ಪಟ್ಟುಬಿಡದ ಶಿಸ್ತಿನಿಂದ ಅಲ್ಲಿನ ರೋಗಿಗಳು ಬೇರೆ ಕೇಂದ್ರದವರಿಗಿಂತ ಹೆಚ್ಚು ಬಾಳುತ್ತಿದ್ದುದನ್ನು ಚಿತ್ರಿಸಿತು, ಅದನ್ನು ಮೆಚ್ಚಿದವರು ಅದರಿಂದ ಸಾಧಾರಣ ವೈದ್ಯ, ಅಸಾಧಾರಣ ವೈದ್ಯ ಎಂಬ ನೀತಿಪಾಠವನ್ನಷ್ಟೇ ಹೆಕ್ಕಿಕೊಂಡರು. ಬರವಣಿಗೆಯ ಕಸುಬು ಮೆಚ್ಚತಕ್ಕದ್ದೇ. ಆದರೆ ಅಲ್ಲಿ ಹೋಲಿಸಲಾದ ಕೇಂದ್ರಗಳ ರೋಗಿಗಳೆಲ್ಲರಿಗೂ ರೋಗ ಪತ್ತೆಯಾಗಿತ್ತು, ಕಿಣ್ವ ಸಿಗುತ್ತಿತ್ತು, ಫಲಿತಾಂಶ ದಾಖಲಾಗುತ್ತಿತ್ತು ಎಂಬುದನ್ನು ಈ ಮೆಚ್ಚುಗೆದಾರರು ಎತ್ತುವುದೇ ಇಲ್ಲ. ಆ ತಳಹದಿ ಇಲ್ಲದ ಕಡೆ ಪಟ್ಟು ಹಿಡಿಯಲು ಎದುರಿಗೆ ರೋಗಿಯೇ ಇರುವುದಿಲ್ಲ.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳ ಕನ್ನಡ ತೆಲುಗು ಬೆರೆತ ಕೃಷ್ಣಾ ಸೀಮೆ ಇದಕ್ಕೆ ತಕ್ಕ ಒರೆಗಲ್ಲು. 1948ರ ನ್ಯೂಯಾರ್ಕ್ ಬಿಸಿಗಾಳಿಯಲ್ಲಿ ಈ ರೋಗದ ಮಕ್ಕಳು ಕುಸಿದುಬಿದ್ದುದರ ಜಾಡು ಹಿಡಿದ ಪಾಲ್ ಡಿ ಸಾಂತ್ಆಗ್ನೇಸೆ, ಅವರ ಬೆವರಿನಲ್ಲಿ ಉಪ್ಪು ವಿಪರೀತವೆಂದು 1953ರಲ್ಲಿ ತೋರಿಸಿದರು. ಬೇಸಿಗೆ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಉಪ್ಪು ಕಳೆದುಕೊಂಡು ಸೋತ ಕೂಸು ವಾಂತಿಭೇದಿಯದೆಂದೂ, ಬಿಡದೆ ಕೆಮ್ಮುವ ಮಗು ಕ್ಷಯದ್ದೆಂದೂ ತೋರುವುದು ಸುಲಭ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ಕಡೆ ಒಂದೇ ದೋಷದ ಎರಡು ಪ್ರತಿಗಳು ಕೂಡುವ ಸಂಭವವೂ ಹೆಚ್ಚು. ‘ಇದು ಬಿಳಿಯರ ರೋಗ’ ಎಂದು ಕೈತೊಳೆದುಕೊಳ್ಳುವವರು ಇದನ್ನು ಗಮನಿಸಿದಂತಿಲ್ಲ. ಮಾತ್ರೆಯೂ ಇಲ್ಲಿ ಪೂರ್ತಿ ಆಸರೆಯಲ್ಲ: ಯುರೋಪಿನಲ್ಲಿ ಪ್ರಧಾನವಾದ ಎಫ್508ಡೆಲ್ ಎಂಬ ಜೀನ್ ದೋಷದ ಪಾಲು ಭಾರತೀಯ ರೋಗಿಗಳಲ್ಲಿ ಕಡಿಮೆ. ಟ್ರಿಕಾಫ್ಟಾ ರೂಪುಗೊಂಡದ್ದು ಮುಖ್ಯವಾಗಿ ಆ ದೋಷವನ್ನು ಗುರಿಯಾಗಿಟ್ಟುಕೊಂಡು.

ಹೀಗಿರುವಾಗ ವ್ಯಾಖ್ಯಾನಕಾರರ ಗಮನ ಹರಿಯಬೇಕಾದದ್ದು ಬೆವರಿನ ಕ್ಲೋರೈಡ್ ಅಳೆಯುವ ಪರೀಕ್ಷೆಯತ್ತ. ಗಿಬ್ಸನ್ ಮತ್ತು ಕುಕ್ 1959ರಲ್ಲಿ ರೂಪಿಸಿದ ಈ ಪರೀಕ್ಷೆಗೆ ದೆಹಲಿಯ ಏಮ್ಸ್‌ನ ಎಸ್.ಕೆ. ಕಾಬ್ರಾ ಮತ್ತು ಸಹೋದ್ಯೋಗಿಗಳು ದೇಶೀ ವಿಧಾನವೊಂದನ್ನು ಸಿದ್ಧಪಡಿಸಿ 2002ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ನಲ್ಲಿ ಪ್ರಕಟಿಸಿದರು, ಮಾತ್ರೆಗೆ ಸಂದ ಹೊಗಳಿಕೆಯ ಒಂದು ತುಣುಕೂ ಅದಕ್ಕೆ ಸಂದಿಲ್ಲ. ವಿಚಿತ್ರವೆಂದರೆ 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಗೆ ಈ ವ್ಯಾಖ್ಯಾನಕಾರರಿಗಿಂತ ಹೆಚ್ಚು ವಿವೇಚನೆಯಿದೆ: ಅದು ಒಂದೇ ರೋಗವನ್ನು ಎರಡಾಗಿ ಒಡೆದು, ಕಿಣ್ವದ ಪೂರೈಕೆಯನ್ನು ಪ್ರಯೋಜನ ಸಿದ್ಧವಾಗಿರುವ, ಖರ್ಚು ಕಡಿಮೆಯಿರುವ ಚಿಕಿತ್ಸೆಗಳ ಎರಡನೆಯ ಗುಂಪಿಗೂ, ಜೀನ್‌ದೋಷಕ್ಕೆ ಕೊಡುವ ಹೊಸ ಔಷಧಗಳನ್ನು ದುಬಾರಿ ಮೂರನೆಯ ಗುಂಪಿಗೂ ಸೇರಿಸುತ್ತದೆ. ಆದರೆ ಆ ವಿಂಗಡಣೆ ಚಿಕಿತ್ಸೆಯದ್ದು. ನೆರವಿಗಾಗಿ ಹೈದರಾಬಾದಿನ ನಿಮ್ಸ್‌ನಂಥ ನಿಗದಿತ ಕೇಂದ್ರ ತಲುಪುವ ಗದ್ವಾಲಿನ ಮಗುವಿನ ರೋಗದ ಹೆಸರು ಅದಕ್ಕೂ ಮೊದಲೇ ಯಾರಿಗಾದರೂ ಹೊಳೆದಿರಬೇಕು.