ಅರ್ಮಾಂಡ್ ಕೊಟ್ಟ ಹೆಸರು

ಅಮೆರಿಕದ ಲೇಖಕಿ ಕೇಟ್ ಶೋಪಿನ್ 1893ರಲ್ಲಿ ಪ್ರಕಟಿಸಿದ ‘ಡೆಸಿರೆಯ ಮಗು’ ಎಂಬ ಸಣ್ಣಕತೆಯನ್ನು ಹೆಚ್ಚಿನವರು ನೆನಪಿಟ್ಟುಕೊಳ್ಳುವುದು ಅದರ ಕೊನೆಯ ತಿರುವಿಗಾಗಿ. ಓದುಗ ಎಡವುವುದೂ ಅಲ್ಲಿಯೇ.

ಗುಲಾಮಗಿರಿಯ ಕಾಲದ ಲೂಸಿಯಾನ. ತೋಟದ ಒಡೆಯ ಅರ್ಮಾಂಡ್, ಹೆತ್ತವರಾರೆಂದು ತಿಳಿಯದ ಸಾಕುಮಗಳು ಡೆಸಿರೆಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಅವಳ ಮೂಲ ಗೊತ್ತಿಲ್ಲವೆಂದು ಎಚ್ಚರಿಸಿದರೆ, ಅಲ್ಲಿನ ಅತ್ಯಂತ ಪ್ರತಿಷ್ಠಿತ ಮನೆತನದ ಹೆಸರನ್ನು ತಾನೇ ಕೊಡುವಾಗ ಅದೇನು ಮಹಾ ಎಂಬ ಧೋರಣೆ ಅವನದು. ಇದು ಔದಾರ್ಯದಂತೆ ಕಾಣುತ್ತದೆ. ನಿಜಕ್ಕೂ ಅವನು ಪ್ರೀತಿಸಿದ್ದು ಕೊಡುವವನೆಂಬ ತನ್ನ ಸ್ಥಾನವನ್ನು.

ಮೂರು ತಿಂಗಳಾಗುವಷ್ಟರಲ್ಲಿ ಮಗುವಿನ ಮೈಬಣ್ಣ ಅನುಮಾನ ಹುಟ್ಟಿಸುತ್ತದೆ. ಮಗು ಬಿಳಿಯನಲ್ಲ, ಆದ್ದರಿಂದ ನೀನೂ ಅಲ್ಲ ಎನ್ನುತ್ತಾನೆ ಗಂಡ. ತನ್ನ ಕೈ ಅವನ ಕೈಗಿಂತ ಬೆಳ್ಳಗಿದೆಯೆಂದು ಅವಳು ತೋರಿಸುತ್ತಾಳೆ. ಲಾ ಬ್ಲಾಂಶ್‌ಳ ಕೈಯಷ್ಟೇ ಬಿಳುಪು ಎಂದು ಅವನು ಕ್ರೂರವಾಗಿ ಮರುನುಡಿಯುತ್ತಾನೆ. ಲಾ ಬ್ಲಾಂಶ್ ಅವನ ಗುಲಾಮಳು, ಮಿಶ್ರವರ್ಣದವಳು. ಅವಳ ಮಗ ಗಾಳಿ ಬೀಸುತ್ತಾ ನಿಂತದ್ದನ್ನು ಕಂಡೇ ಡೆಸಿರೆಗೆ ತನ್ನ ಮಗುವಿನ ಹೋಲಿಕೆ ಹೊಳೆದದ್ದು. ಮಗುವಿನ ಅಳು ಲಾ ಬ್ಲಾಂಶ್‌ಳ ಗುಡಿಸಲಲ್ಲಿದ್ದ ಅರ್ಮಾಂಡ್‌ಗೆ ಕೇಳಿಸಿತ್ತೆಂದು ಡೆಸಿರೆ ಮುಗ್ಧವಾಗಿ ಹೇಳುವ ಒಂದು ಮಾತೂ ಕತೆಯಲ್ಲಿದೆ. ಅಲ್ಲಿ ಅವನಿಗೇನು ಕೆಲಸ? ಶೋಪಿನ್ ಬಿಡಿಸಿ ಹೇಳುವುದಿಲ್ಲ. ಕರಿಯ ರಕ್ತದ ಹೆಣ್ಣು ಅವನಿಗೆ ಅಸ್ಪೃಶ್ಯಳಲ್ಲ, ಹೆಂಡತಿಯ ಸ್ಥಾನಕ್ಕೆ ಮಾತ್ರ ಸಲ್ಲಳು.

ಡೆಸಿರೆ ಮಗುವನ್ನೆತ್ತಿಕೊಂಡು ಜೌಗಿನ ಕಡೆಗೆ ನಡೆದು ಕಣ್ಮರೆಯಾಗುತ್ತಾಳೆ. ಅವಳ ಉಡುಪು, ಮಗುವಿನ ತೊಟ್ಟಿಲು ಎಲ್ಲವನ್ನೂ ಅವನು ಸುಡಿಸುತ್ತಾನೆ. ಆಗ ಅವನ ತಾಯಿಯ ಹಳೆಯ ಪತ್ರ ಸಿಗುತ್ತದೆ: ಆಕೆಯೇ ಗುಲಾಮ ಜನಾಂಗದವಳು. ಬಿಳಿಯರು ಮತ್ತು ಕರಿಯರ ವಿವಾಹವನ್ನು ಲೂಸಿಯಾನದ ಕಾನೂನು 1808ರಿಂದಲೇ ನಿಷೇಧಿಸಿತ್ತು; ಆ ದಂಪತಿ ಪ್ಯಾರಿಸ್‌ನಲ್ಲಿ ಬದುಕಿದ್ದೇಕೆಂದು ಇದರಿಂದ ತಿಳಿಯುತ್ತದೆ. (ಇಂತಹ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಮಾಡಿದ್ದು 1967ರಲ್ಲಿ.) ಎಂಟು ವರ್ಷದವನಾಗಿ ಅಲ್ಲಿಂದ ಮರಳಿದ ಅರ್ಮಾಂಡ್‌ಗೆ ತಾಯಿಯ ಮುಖ ನೆನಪಿರಲಿಲ್ಲವೇ?

ಪತ್ರ ಓದಿದೊಡನೆ ‘ಪಾಪ, ಡೆಸಿರೆ ನಿರಪರಾಧಿ’ ಎಂದು ನಾವು ನಿಟ್ಟುಸಿರುಬಿಡುತ್ತೇವೆ. ಯಾವ ಅಪರಾಧ? ಕರಿಯಳಾಗಿರುವುದೇ? ಬಿಳಿಯನಿಗೆ ಕರಿಯನ ಮೇಲೆ ಯಾವ ಶ್ರೇಷ್ಠತೆಯೂ ಇಲ್ಲವೆಂದು ಪ್ರವಾದಿವರ್ಯರ(ಸ) ವಿದಾಯ ಭಾಷಣದಿಂದ ಕಲಿತವರ ಬಾಯಲ್ಲೂ ಆ ಉದ್ಗಾರ ಬಂದೀತು. ಅಷ್ಟಕ್ಕೂ ಡೆಸಿರೆಯ ಮೂಲದ ಬಗ್ಗೆ ಪತ್ರ ಏನನ್ನೂ ಸಾಬೀತುಪಡಿಸುವುದಿಲ್ಲ. ಅವಳು ಕರಿಯಳೇ ಆಗಿದ್ದರೂ ಅರ್ಮಾಂಡ್ ಮಾಡಿದ ಅನ್ಯಾಯ ಕೂದಲೆಳೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಒಂದು ಆಕ್ಷೇಪವಿದೆ. ಡೆಸಿರೆಗೆ ಮರಳಲು ಸಾಕುತಾಯಿಯ ಮನೆಯಾದರೂ ಇತ್ತು. ಬಾ ಎಂದು ಆಕೆ ಬರೆದಿದ್ದಳು. ಲಾ ಬ್ಲಾಂಶ್‌ಳಿಗೆ ಏನಿತ್ತೆಂದು ಕತೆ ಕೇಳುವುದೇ ಇಲ್ಲ. ಬೀಸಣಿಗೆ ಹಿಡಿದ ಅವಳ ಮಗನಿಗೆ ಹೆಸರೂ ಇಲ್ಲ.