ಹಸೆಗೋಡೆಯ ಚಿತ್ತಾರವೂ ನಮ್ಮ ಕಲಾವಿಮರ್ಶೆಯೂ

ಮಲೆನಾಡಿನ ದೀವರ ಸಮುದಾಯದ ಹೆಂಗಸರು ಗೋಡೆಯ ಮೇಲೆ ಬರೆಯುವ ಚಿತ್ತಾರವು ಅಲಂಕಾರವೇ ಹೊರತು ಚಿತ್ರಕಲೆಯಲ್ಲ, ಅದರಲ್ಲಿ ಹಸ್ತಕೌಶಲವುಂಟು, ಆದರೆ ಕರ್ತೃವಿನ ದರ್ಶನವಿಲ್ಲ ಎಂಬ ತೀರ್ಪು ನಮ್ಮ ರಸಿಕರ ನಡುವೆ ಎಷ್ಟು ಸಲೀಸಾಗಿ ಚಲಾವಣೆಯಲ್ಲಿದೆಯೆಂದರೆ, ಅದನ್ನು ನುಡಿಯುವವರು ಪ್ರಮಾಣವನ್ನೊದಗಿಸುವ ಗೋಜಿಗೂ ಹೋಗುವುದಿಲ್ಲ. ಮುಳಬಾಗಿಲು ಸೀಮೆಯ ತಾಯಲೂರಿನಲ್ಲಿದ್ದು, ಬೆಳಗಾಗುತ್ತಲೇ ಹೊಸಿಲ ಮುಂದೆ ಮೂಡಿ ಮಧ್ಯಾಹ್ನದೊಳಗೆ ಕಾಲ್ತುಳಿತಕ್ಕೆ ಅಳಿದುಹೋಗುವ ರಂಗವಲ್ಲಿಯನ್ನು ದಿನವೂ ಕಾಣುವ ನನಗೆ ಇದು ಬರಿಯ ಅಜ್ಞಾನವೆಂದು ತೋರುವುದಿಲ್ಲ, ಇದು ಅನ್ಯಾಯ.

ಸಾಗರ, ಸೊರಬ, ಸಿದ್ದಾಪುರದ ಕಡೆಯ ಆ ಮನೆಗಳಲ್ಲಿ ನಡೆಯುವುದಾದರೂ ಏನು? ಮದುವೆ ಗೊತ್ತಾಗುತ್ತಲೇ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯನ್ನು ಅರೆದು ಬಿಳಿಯನ್ನೂ, ಅದೇ ಅಕ್ಕಿಯನ್ನು ಕರಿಕಾಗುವಂತೆ ಹುರಿದು ಕಪ್ಪನ್ನೂ, ಗುರಿಗೆಯ ಕಾಯಿಯಿಂದ ಹಳದಿಯನ್ನೂ ಸಾಧಿಸಿಕೊಂಡು, ಪುಂಡಿಯ ನಾರನ್ನೇ ಕುಂಚವಾಗಿ ಹಿಡಿದು, ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದೆ ಆ ಹೆಣ್ಣುಮಗಳು ಒಂದು ಲೋಕವನ್ನು ನಿರ್ಮಿಸುತ್ತಾಳೆ. ತೇರು, ಪಲ್ಲಕ್ಕಿ, ವಾದ್ಯದವರು, ಭತ್ತದ ತೆನೆ, ಏಣಿ, ಕೋಳಿ: ದಿನನಿತ್ಯದ ಬಾಳಿನಲ್ಲಿ ಕಣ್ಣಿಗೆ ಬೀಳದುದು ಅಲ್ಲಿ ಒಂದೂ ಇಲ್ಲ. ಭೂಮಿ ಹುಣ್ಣಿಮೆಗೆ ಗರ್ಭಿಣಿಯಾದ ಭೂದೇವಿಯ ಬಯಕೆಯೂಟವನ್ನು ಗದ್ದೆಗೆ ಹೊತ್ತೊಯ್ಯುವ ಬುಟ್ಟಿಯ ಮೇಲೂ ಅದೇ ಕೈ, ಅದೇ ಗೆರೆ. ಆ ಗೆರೆಯನ್ನು ಕುರಿತು ನಾನು ಸಾವಧಾನವಾಗಿ ಹೇಳಬೇಕು. ಅದು ನೆರಳು ಬೆಳಕುಗಳ ನೆರವನ್ನು ಬೇಡುವುದಿಲ್ಲ. ಮುಖಭಾವದಿಂದ ಮನಸ್ಸನ್ನು ಕರಗಿಸಲೆಳಸುವುದಿಲ್ಲ. ಲಂಬ, ಸಮಾನಾಂತರ, ಅಡ್ಡಗೆರೆಗಳ ನಿಷ್ಠುರವಾದ ಹೆಣಿಗೆಯೊಳಗೆ ಸುಗ್ಗಿಯ ಸಮೃದ್ಧಿಯನ್ನೂ ಮದುವೆಯ ಸಂಭ್ರಮವನ್ನೂ ಹಿಡಿದು ನಿಲ್ಲಿಸುತ್ತದೆ. ಇಷ್ಟು ಸಂಯಮ ನಮ್ಮ ಕೀರ್ತಿವಂತ ವರ್ಣಚಿತ್ರಕಾರರಲ್ಲಿ ಎಷ್ಟು ಮಂದಿಗೆ ಸಿದ್ಧಿಸಿದೆ?

ಕರ್ತೃವಿನ ಹೆಸರಿಲ್ಲವೆಂಬುದು ಎರಡನೆಯ ಆಕ್ಷೇಪ. ಅಜಂತೆಯ ಗೋಡೆಗಳಲ್ಲಿ ಯಾರ ಹೆಸರನ್ನು ಓದಿ ನಾವು ತಲೆದೂಗಿದೆವು? ಆ ಗುಹೆಗಳಿಗೆ ಭಾರತದ ಮಹೋನ್ನತ ಚಿತ್ರಕಲೆಯೆಂಬ ಪದವಿಯನ್ನು ಕೊಟ್ಟ ಬುದ್ಧಿಯೇ ಸಾಗರದ ಗೋಡೆಯ ಮುಂದೆ ನಿಂತೊಡನೆ ಸಹಿಯನ್ನು ಹುಡುಕತೊಡಗುವುದು ಯಾವ ನ್ಯಾಯ? 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರನ್ನು ಶಿಲೆಯಲ್ಲಿ ಕೊರೆದಿಟ್ಟನು. ಬಳ್ಳಿಗಾವೆಯಾದರೋ ಸೊರಬಕ್ಕೆ ನೆರೆಯ ಸೀಮೆಯದೇ. ಅವನಿಗೆ ಕಲ್ಲೂ ಅರಸನ ಆಶ್ರಯವೂ ದೊರೆತವು. ಅವನ ನೆರೆಯ ಹೆಣ್ಣಿಗೆ ದೊರೆತುದು, ಮುಂದಿನ ಶುಭಕಾರ್ಯಕ್ಕೆ ಮತ್ತೆ ಮಣ್ಣು ಬಳಿಯಬೇಕಾದ ಗೋಡೆ. ಬಾಲ್ಯದಲ್ಲಿ ತಾಯಿಯ ಪಕ್ಕದಲ್ಲಿ ನಾರು ಹಿಡಿಯಲು ಕಲಿತವಳು ವೃದ್ಧಾಪ್ಯದವರೆಗೆ ಬರೆದುದೆಲ್ಲ ಹೀಗೆ ಅವಳ ಕಣ್ಣೆದುರಿಗೇ ಅಳಿದರೆ, ಅದು ಆ ಜೀವಮಾನದ ಸಾಧನೆಯ ಕೊರತೆಯಲ್ಲ, ಉಳಿದುದನ್ನು ಮಾತ್ರ ಎಣಿಸುವ ನಮ್ಮ ವಿಮರ್ಶೆಯ ಕೊರತೆ. ಬರೆದುದನ್ನೇ ಬರೆಯುತ್ತಾಳೆಂಬ ಮಾತಂತೂ ಉತ್ತರಕ್ಕೆ ಅರ್ಹವಲ್ಲ. ತೋಡಿ ರಾಗವನ್ನು ಮತ್ತೆ ಹಾಡಿದ ವಿದ್ವಾಂಸನಿಗೆ ಯಾರೂ ಪುನರುಕ್ತಿದೋಷವನ್ನು ಹೊರಿಸಿಲ್ಲ.

ವ್ಯಾಧಿಯ ಮೂಲವಿರುವುದು ನಮ್ಮ ಅಭಿರುಚಿಯಲ್ಲಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಳದಂಕರರು ಬರೆದ ದೀಪಧಾರಿಣಿಯ ಮುಂದೆ ಜನರು ಮುಗಿಬೀಳುತ್ತಾರೆ. ಬೆರಳ ಸಂದಿಯಿಂದ ಹೊಮ್ಮುವ ಬೆಳಕಿಗೆ ಮರುಳಾಗಿ, ಅದನ್ನು ರವಿವರ್ಮನ ಕೃತಿಯೆಂದೇ ಎಷ್ಟೋ ಮಂದಿ ಹೊಗಳುತ್ತಾರೆ. ಆ ಜಲವರ್ಣದ ನೈಪುಣ್ಯವನ್ನು ನಾನು ಅಲ್ಲಗಳೆಯೆನು. ಆದರೂ ಅದನ್ನು ದೊಡ್ಡ ಕೃತಿಯೆಂದು ಒಪ್ಪಲು ನನ್ನ ಮನಸ್ಸು ಬಾರದು. ಅಲ್ಲಿ ಹೆಣ್ಣು ನೋಡಿಸಿಕೊಳ್ಳುತ್ತ ನಿಂತಿದ್ದಾಳೆ. ಹಸೆಗೋಡೆಯಲ್ಲಿ ಹೆಣ್ಣು ತಾನೇ ಲೋಕವನ್ನು ನೋಡಿ ಬರೆದಿದ್ದಾಳೆ. ಕುಂಚದ ಎದುರಿಗೆ ನಿಂತವಳನ್ನು ಆರಾಧಿಸಿ, ಕುಂಚವನ್ನು ಹಿಡಿದವಳನ್ನು ಮನೆಗೆಲಸದವಳೆಂದು ಬಗೆಯುವ ರಸಿಕತೆಯೇ ಪಠ್ಯಗಳನ್ನು ಬರೆದಿದೆ, ಬಹುಮಾನಗಳನ್ನು ಹಂಚಿದೆ. ಈಗ ಅದೇ ರಸಿಕತೆ ಚಿತ್ತಾರವನ್ನು ಕಾಗದಕ್ಕೂ ಬಟ್ಟೆಗೂ ಇಳಿಸಿ ಬೈಠಕ್‌ಖಾನೆಯ ಭೂಷಣವಾಗಿ ಕೊಳ್ಳಲು ಮುಂದಾಗಿದೆ. ಕೊಳ್ಳಲಿ, ಬರೆದವಳಿಗೆ ನಾಲ್ಕು ಕಾಸು ಸಲ್ಲುವುದಾದರೆ ನನ್ನ ತಕರಾರಿಲ್ಲ. ಆದರೆ ಕನ್ನಡನಾಡಿನ ಚಿತ್ರಕಲೆಯ ಚರಿತ್ರೆಯನ್ನು ಬರೆಯುವವರು ಈ ಗೋಡೆಗಳನ್ನು ಜಾನಪದವೆಂಬ ಕಡೆಯ ಅಧ್ಯಾಯಕ್ಕೆ ತಳ್ಳದೆ, ಚಿತ್ರಕಾರರಾದ ವೆಂಕಟಪ್ಪನವರನ್ನೂ ಹೆಬ್ಬಾರರನ್ನೂ ಅಳೆಯುವ ಅಳತೆಗೋಲಿನಿಂದಲೇ ಅಳೆಯಲಿ. ಆ ಪರೀಕ್ಷೆಯಲ್ಲಿ ಸೋಲುವವರು ದೀವರ ಹೆಂಗಸರಲ್ಲವೆಂದು ನಾನು ನಿಸ್ಸಂಶಯವಾಗಿ ನಂಬಿದ್ದೇನೆ.